ಗುಂಡವ್ವನ ಪಥ್ಯ

ಮನೋರಮಾ ನಾಸಿಕದಿಂದ ಛತ್ರಪತಿ ಸಂಭಾಜಿನಗರದ ಬಸ್ಸು ಹತ್ತಿದ್ದು ಬೀಗತಿಯ ಜೊತೆ ಜಗಳ ಆಡುವುದಕ್ಕೆ. ಬೇರೆ ಕೆಲಸವೇನೂ ಇರಲಿಲ್ಲ. ಬೆಳಗ್ಗೆ ಗಂಡನಿಗೆ ಕಾಫಿ ಕೊಟ್ಟು, "ನಾನು ಚಂಪಾಳನ್ನು ಕರ್ಕೊಂಡೇ ಬರುದು, ಯಾರು ಅಡ್ಡ ಬರ್ತಾರೆ ನೋಡ್ತೇನೆ" ಎಂದು ಹೇಳಿ, ಬೆಕ್ಕು ಒಯ್ಯುವ ಪ್ಲಾಸ್ಟಿಕ್ ಬುಟ್ಟಿ ಹಿಡಿದು ಹೊರಟಿದ್ದಳು. ನಿಫಾಡ್ ದಾಟುವಾಗ ಪ್ರೇಮಾಬಾಯಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಒಂದು ಸಲ ಅಂದು ನೋಡಿದಳು. ಯೇವಲಾದಲ್ಲಿ ಇನ್ನಷ್ಟು ಖಾರ ಸೇರಿಸಿದಳು. ವೈಜಾಪುರ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋಗಿದ್ದಳು, ಏಕೆಂದರೆ ಮನೋರಮಾ ಬೈಗುಳವನ್ನು ಬಾಯಿಬಿಟ್ಟೇ ಗೊಣಗತೊಡಗಿದ್ದಳು.

ಚಂಪಾ ಅಂದರೆ ಬೆಕ್ಕು. ಹದಿನೈದು ವರ್ಷದ ಬೂದು ಬಣ್ಣದ ಹೆಣ್ಣು ಬೆಕ್ಕು. ಮನೋರಮಾಳ ಗಂಡ ಸದಾನಂದ ಕುಂದಾಪುರದ ಕಡೆಯವನು, ಪಿಂಪಳಗಾಂವ್ ಬಸವಂತದ ಹೆದ್ದಾರಿಯಲ್ಲಿ ಮೂವತ್ತು ವರ್ಷದಿಂದ ಶಾಕಾಹಾರಿ ಹೋಟೆಲು ನಡೆಸುತ್ತಿದ್ದ. ಆ ಹೋಟೆಲಿನ ಅಕ್ಕಿ ಮೂಟೆಗಳ ಹಿಂದೆ ತಾಯಿಯಿಲ್ಲದೆ ಕೀಚು ಕೀಚೆನ್ನುತ್ತಿದ್ದ ಮರಿಯನ್ನು ಮನೋರಮಾ ಸೆರಗಿನಲ್ಲಿ ಸುತ್ತಿಕೊಂಡು ನಾಸಿಕದ ಮನೆಗೆ ತಂದಿದ್ದಳು. ಗಂಡ ಬೆಳಗಿನ ಇಡ್ಲಿಗೆ ಹೋದರೆ ಬರುವುದು ರಾತ್ರಿಯ ಕೊನೆಯ ಲಾರಿಯವನು ಉಂಡೆದ್ದ ಮೇಲೆ. ಒಬ್ಬಳೇ ಮಗಳು ಹರ್ಷಿಣಿಗೆ ಶಾಲೆ, ಆಮೇಲೆ ಕಾಲೇಜು, ಆಮೇಲೆ ಬ್ಯಾಂಕಿನ ಕೆಲಸ. ಹದಿನೈದು ವರ್ಷ ಮನೋರಮಾಳ ಮಾತಿಗೆಲ್ಲ ಕಿವಿಗೊಟ್ಟದ್ದು ಚಂಪಾ ಒಬ್ಬಳೇ. ಆಮೇಲೆ ಬಂದು ಸೇರಿದ ನಾಲ್ಕು ಬೆಕ್ಕುಗಳೂ ಇದ್ದವು ನಿಜ, ಆದರೆ ಅವು ಹೊಟ್ಟೆಪಾಡಿಗೆ ಬಂದ ಪುಂಡರು.

ಹೋದ ಮಳೆಗಾಲದಲ್ಲಿ ಚಂಪಾ ಬಕೆಟ್ಟಿನ ನೀರೆಲ್ಲ ಕುಡಿಯತೊಡಗಿದಳು, ಮೈ ಇಳಿಯಿತು. ಬೆಕ್ಕಿನ ಡಾಕ್ಟರು ತನ್ಮಯ ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ ಕೆಟ್ಟಿದೆ, ವಾಸಿಯಾಗುವ ರೋಗವಲ್ಲ, ಊಟದಲ್ಲಿ ಹತೋಟಿ ಮಾಡಬೇಕು, ಪ್ರೋಟೀನು ಕಡಿಮೆ, ಫಾಸ್ಫರಸ್ ಇನ್ನೂ ಕಡಿಮೆ ಎಂದರು. ಅದಕ್ಕೆಂದೇ ತಯಾರಾದ ಮೆತ್ತಗಿನ ಆಹಾರದ ಸಣ್ಣ ಸಣ್ಣ ಪ್ಯಾಕೆಟ್ಟುಗಳನ್ನು ಕೊಟ್ಟರು. ಒಂದು ಮಾತು ಒತ್ತಿ ಹೇಳಿದರು: "ಇದು ತಿಂದಷ್ಟು ದಿನ ಇರುತ್ತದೆ. ಎರಡು ದಿನ ಏನೂ ತಿನ್ನಲಿಲ್ಲವೋ, ಆಮೇಲೆ ನನ್ನ ಕೈಯಲ್ಲಿಲ್ಲ."

ಮನೋರಮಾಳ ಕಿವಿಗೆ ಇಳಿದದ್ದು ಪ್ರೋಟೀನು ಕಡಿಮೆ ಅನ್ನುವುದೊಂದೇ. ಪ್ರೋಟೀನು ಅಂದರೆ ಮಾಂಸ, ಮಾಂಸ ಬೇಡ ಅಂದರೆ ನಮ್ಮ ಊಟ. ಸರಿಯಾಯಿತಲ್ಲ! ಮೂವತ್ತು ವರ್ಷ ಶುದ್ಧ ಶಾಕಾಹಾರಿ ಬೋರ್ಡಿನ ಕೆಳಗೆ ಬದುಕಿದವಳಿಗೆ ಬೆಕ್ಕಿನ ಡಾಕ್ಟರೇ ಶಾಕಾಹಾರ ಬರೆದುಕೊಟ್ಟಂತಾಯಿತು. ಪ್ಯಾಕೆಟ್ಟಿನ ಮೇಲೆ ಮಾತ್ರ ಕೋಳಿಯ ಚಿತ್ರ ಇತ್ತು. ಅದುವರೆಗೆ ಬೆಕ್ಕುಗಳಿಗೆ ಹಾಕುತ್ತಿದ್ದ ಒಣ ಕಾಳುಗಳಲ್ಲೂ ಕೋಳಿ ಇತ್ತು, ಅದು ಅವಳಿಗೂ ಗೊತ್ತಿತ್ತು, ಆದರೆ ನೋಡಲಿಕ್ಕೆ ಬಿಸ್ಕತ್ತಿನ ಹಾಗಿದ್ದುದರಿಂದ ಬಿಸ್ಕತ್ತೆಂದೇ ಲೆಕ್ಕ. ಈ ಪ್ಯಾಕೆಟ್ಟು ಹಾಗಲ್ಲ, ಮೂಲೆ ಕತ್ತರಿಸಿದರೆ ವಾಸನೆ ದೇವರ ಕೋಣೆಯ ತನಕ ಹೋಯಿತು. "ಹೋಟೆಲಿನವರ ಮನೆಯಲ್ಲಿ ಇದೆಂಥದು ಮಾರಾಯ್ತಿ, ಯಾರಾದ್ರೂ ನೋಡಿದ್ರೆ?" ಎಂದು ಸದಾನಂದನೂ ಮೂಗು ಮುಚ್ಚಿದ. ಅಷ್ಟೇ ಸಾಕಾಯಿತು. ಪ್ಯಾಕೆಟ್ಟುಗಳು ತಾರಸಿಗೆ ಹೋದವು, ಅಲ್ಲಿ ಅವನ್ನು ತಿಂದು ಕೊಬ್ಬಿದ್ದು ಪುಂಡರು. ಚಂಪಾಳಿಗೆ ಹೋಟೆಲಿನ ಗಟ್ಟಿ ಮೊಸರು, ಹಾಲನ್ನ, ಪನೀರಿನ ತುಣುಕು.

ಚಂಪಾ ಮೊದಲು ನೆಕ್ಕಿದಳು, ಆಮೇಲೆ ಮೂಸಿದಳು, ಆಮೇಲೆ ವಾಂತಿ ಮಾಡಿ ಮುಖ ತಿರುಗಿಸಿದಳು. ಮನೋರಮಾ ಸುಮ್ಮನೆ ಬಿಡುವವಳೇ? ಟವೆಲಿನಲ್ಲಿ ಸುತ್ತಿ, ಮೊಣಕಾಲ ನಡುವೆ ಅದುಮಿ ಹಿಡಿದು, ಮೊಸರಿಗೆ ಔಷಧದ ಪುಡಿ ಕಲಸಿ ಸಿರಿಂಜಿನಲ್ಲಿ ಬಾಯಿಗೆ ಬಿಟ್ಟಳು. ದಿನಕ್ಕೆ ನಾಲ್ಕು ಸಲ. ಸುತ್ತ ಮುತ್ತುತ್ತಿದ್ದ ನಾಲ್ಕು ಬೆಕ್ಕುಗಳನ್ನು "ಹಚಾ! ಹೋಗ್ತೀರಾ ಇಲ್ವಾ!" ಎಂದು ಬೊಬ್ಬೆ ಹೊಡೆದು ಓಡಿಸುತ್ತ, ಅದೇ ಉಸಿರಿನಲ್ಲಿ "ತಿನ್ನು ಮಗಾ, ನನ್ನ ಬಂಗಾರ, ತಿನ್ನು" ಎನ್ನುತ್ತ. ಪ್ರೀತಿಯಿಂದಲೇ ಮಾಡಿದ್ದು. ಅದರಲ್ಲಿ ಅನುಮಾನವಿಲ್ಲ.

ದೀಪಾವಳಿಗೆ ಬಂದ ಹರ್ಷಿಣಿ ಚಂಪಾಳ ಬೆನ್ನಿನ ಮೇಲೆ ಕೈಯಾಡಿಸಿ ಎಲುಬು ಎಣಿಸಿದಳು. ಆಮೇಲೆ ತಾರಸಿಯಲ್ಲಿ ಖಾಲಿ ಪ್ಯಾಕೆಟ್ಟುಗಳನ್ನು ನೋಡಿದಳು. "ಅಮ್ಮ, ನೀನು ಇದನ್ನ ಕೊಲ್ತಾ ಇದ್ದೀಯ. ಹಾಲು ಮೊಸರು ಪನೀರಲ್ಲೇ ಇರುದು ಅದಕ್ಕೆ ಆಗದ ಫಾಸ್ಫರಸ್. ಐ ಕಾಂಟ್ ಬಿಲೀವ್ ದಿಸ್!" ಎಂದು ಕಿರುಚಿದಳು. ಮನೋರಮಾ ಅದಕ್ಕಿಂತ ಜೋರಾಗಿ ಕಿರುಚಿದಳು. ಮಾತಿಗೆ ಮಾತು ಬೆಳೆದು, ಮಗಳು ತಿಂಡಿಯನ್ನೂ ತಿನ್ನದೆ ಬೆಕ್ಕನ್ನು ಎತ್ತಿಕೊಂಡು ಕಾರು ಹತ್ತಿ ಸಂಭಾಜಿನಗರಕ್ಕೆ ಹೊರಟೇಹೋದಳು.

ಹೋಗಲಿ, ಮಗಳ ಮನೆ ಎನ್ನೋಣವೆಂದರೆ ಅದು ಮಗಳ ಮನೆಯಲ್ಲ, ಪ್ರೇಮಾಬಾಯಿಯ ಮನೆ. ಹರ್ಷಿಣಿ ಮೆಚ್ಚಿ ಮದುವೆಯಾದ ಸಂಗಮನಾಥ ಆ ಊರಿನ ಪಕ್ಕದ ಶೇಂದ್ರಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ತಾಯಿ ಪ್ರೇಮಾಬಾಯಿ ಬೀದರ್ ಜಿಲ್ಲೆಯ ಭಾಲ್ಕಿಯವಳು, ಎರಡು ಹೊತ್ತು ಲಿಂಗಪೂಜೆ ಮಾಡದೆ ನೀರು ಮುಟ್ಟದವಳು. ಮದುವೆಯ ಊಟದಲ್ಲಿ ಸದಾನಂದನ ಹೋಟೆಲಿನ ಅಡುಗೆ ಭಟ್ಟರು ಮಾಡಿದ ಸಾಂಬಾರನ್ನು ನಾಲಿಗೆಗೆ ಹಚ್ಚಿ ನೂರು ಜನರ ನಡುವೆ "ಇದೇನ್ ಬೆಲ್ಲದ ನೀರ ಕಾಸೀರಿ?" ಎಂದು ಕೇಳಿದ್ದಳು. ಹೋಟೆಲಿನವನ ಹೆಂಡತಿಗೆ ಅದಕ್ಕಿಂತ ದೊಡ್ಡ ಅವಮಾನ ಉಂಟೇ? ಆವತ್ತಿನಿಂದ ಬೀಗತಿಯರ ನಡುವೆ ಮಾತಿಲ್ಲ. ಮನೋರಮಾ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಹತ್ತುವಂತೆ ಮಾಡಿದ್ದು ಮೊನ್ನೆಯ ಫೋನು. ಹರ್ಷಿಣಿಯ ಜೊತೆ ಮಾತಾಡುವಾಗ ಹಿಂದಿನಿಂದ ಪ್ರೇಮಾಬಾಯಿಯ ದನಿ ಸ್ಪಷ್ಟವಾಗಿ ಕೇಳಿಸಿತು: "ಆ ಬೆಕ್ಕಿನ ಕಾಟ ಸಾಕಾಗ್ಯದ ನನಗ! ತಾನೂ ಸಾಯಲ್ಲ, ನನಗೂ ಬದುಕಗೊಡಲ್ಲ!" ಲಿಂಗ ಕಟ್ಟಿಕೊಂಡವಳು ಕೋಳಿಯ ಪ್ಯಾಕೆಟ್ಟನ್ನು ಮನೆಯೊಳಗೆ ಬಿಟ್ಟಾಳೆಯೇ? ಒಣ ರೊಟ್ಟಿ ಹಾಕಿ ಕೊಲ್ಲುತ್ತಿದ್ದಾಳೆ ತನ್ನ ಚಂಪಾಳನ್ನು. ಸಾಯುವುದೇ ಇದ್ದರೆ ನನ್ನ ಮಡಿಲಲ್ಲಿ ಸಾಯಲಿ, ಆ ಗಯ್ಯಾಳಿಯ ಕಾಲ ಬುಡದಲ್ಲಲ್ಲ. ಅಷ್ಟೇ ಅವಳಿಗೆ ಬೇಕಾಗಿದ್ದದ್ದು, ಆ ಮುದಿ ಜೀವ ಇರುವಷ್ಟು ದಿನ ತನ್ನ ಮಡಿಲಲ್ಲಿರಬೇಕು.

ಮೂರನೆಯ ಮಹಡಿಯ ಬಾಗಿಲು ತಟ್ಟಿದಾಗ ಮಧ್ಯಾಹ್ನ ಹನ್ನೆರಡೂವರೆ. ಬಾಗಿಲು ತೆರೆದ ಪ್ರೇಮಾಬಾಯಿಯ ಕೂದಲು ಒದ್ದೆ, ಹಣೆಯ ಮೇಲೆ ವಿಭೂತಿ. ಬೀಗತಿಯ ಮುಖ ನೋಡಿದಳು, ಕೈಯಲ್ಲಿದ್ದ ಬುಟ್ಟಿ ನೋಡಿದಳು.

"ಹರ್ಷಿಣಿ ಬ್ಯಾಂಕಿಗಿ ಹೋಗ್ಯಾಳ. ಸಂಗಮ ಕೆಲಸಕ್ಕ."

"ನಾನು ಅವರನ್ನ ನೋಡ್ಲಿಕ್ಕೆ ಬಂದದ್ದಲ್ಲ. ನನ್ನ ಬೆಕ್ಕನ್ನ ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು."

"ಛಲೋ ಆಯ್ತು," ಎಂದಳು ಪ್ರೇಮಾಬಾಯಿ. "ಒಯ್ರಿ. ಇವತ್ತೇ ಒಯ್ರಿ. ಪೀಡಾ ಹೋಗಲಿ."

ಮನೋರಮಾ ಇಷ್ಟಕ್ಕೆ ತಯಾರಾಗಿ ಬಂದಿರಲಿಲ್ಲ. ವೈಜಾಪುರದ ತನಕ ಕಟ್ಟಿಕೊಂಡು ಬಂದ ಬೈಗುಳ ಗಂಟಲಲ್ಲೇ ಉಳಿಯಿತು. ಆದರೂ ಬಿಡಲಿಲ್ಲ. ಒಳಗೆ ಬಂದು, ಕೊಟ್ಟ ನೀರನ್ನು ಮುಟ್ಟದೆ, ಶುರು ಮಾಡಿದಳು. "ಪೀಡೆಯಾ? ಬಾಯಿ ಬಾರದ ಜೀವ ಪೀಡೆಯಾ ನಿಮಗೆ? ಎಂತ ಹಾಕ್ತಿದ್ದೀರಿ ಅದಕ್ಕೆ? ರೊಟ್ಟಿಯಾ? ನಿಮ್ಮ ಮಡಿ ಹಾಳಾಗ್ತದೆ ಅಂತ ಅದನ್ನ ಉಪವಾಸ ಕೆಡವಿದ್ದೀರಾ? ನನಗೆ ಗೊತ್ತುಂಟು ಎಲ್ಲ!"

ಪ್ರೇಮಾಬಾಯಿ ಸೀದಾ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ಎಳೆದಳು. ಮೇಲಿನ ಹಲಗೆಯಲ್ಲಿ, ಹಾಲಿನ ಪಾತ್ರೆಯ ಪಕ್ಕದಲ್ಲೇ, ಸ್ಟೀಲಿನ ಡಬ್ಬಿಯಲ್ಲಿ ಅರ್ಧ ಕತ್ತರಿಸಿ ಮಡಚಿಟ್ಟ ಪ್ಯಾಕೆಟ್ಟು. ಕೋಳಿಯ ಚಿತ್ರ.

"ನೋಡ್ರಿ. ಕಣ್ ತೆರೆದು ನೋಡ್ರಿ. ನಮ್ಮ ಹಿರಿಯರ ಕಾಲದಿಂದ ಈ ಮನಿಯಾಗ ತತ್ತಿ ಸೈತ ಬಂದಿಲ್ಲ. ಈ ಕೈಲೆ ಇದನ್ನ ಹಿಂಡ್ತೀನಿ ನಾ. ದಿನಕ್ಕ ಮೂರು ಸಲ. ಹಿಂಡಿ, ಉಣಿಸಿ, ಮೂರು ಸಲ ತಲಿ ಮ್ಯಾಲಿಂದ ಜಳಕ ಮಾಡ್ತೀನಿ, ಈ ಜನವರಿ ಥಂಡಿಯಾಗ! ಕೆಮ್ಮು ಹತ್ಯದ ನನಗ. ನಿಮ್ಮ ಬೆಕ್ಕಿನ ಪುಣ್ಯ!"

"ಹಾಗಾದ್ರೆ ಯಾಕೆ ಮಾಡುದು? ಯಾರು ಹೇಳಿದ್ದು ನಿಮಗೆ ಮಾಡ್ಲಿಕ್ಕೆ?"

"ನಿಮ್ಮ ಮಗಳು ಒಂಬತ್ತಕ್ಕ ಬ್ಯಾಂಕಿಗಿ ಹೋಗ್ತಾಳ. ಮಧ್ಯಾಹ್ನ ಇದಕ್ಕ ಯಾರು ಉಣಿಸ್ಬೇಕು, ನೀವು? ಈಗ ಮೂರು ಹೊತ್ತೂ ನನ್ನ ಬಿಟ್ಟು ಯಾರ ಮುಂದೂ ಉಣ್ಣಲ್ಲ ಅದು. ಮನಿಯಾಗ ಒಂದು ಜೀವ ಹಸಕೊಂಡು ಬಿದ್ದಿದ್ರ ನಾ ಹೆಂಗ ಪೂಜಾಕ್ಕ ಕೂಡ್ಲಿ? ಅದು ಉಂಡ ಮ್ಯಾಲ ನಾ ಉಣ್ಬೇಕು. ಕೆಲವು ದಿನ ಅದು ಮೂರು ತಾಸು ಕಾಯಿಸ್ತದ. ನನಗೇನು ಅದರ ಮ್ಯಾಲ ಪ್ರೀತಿ ಇಲ್ಲ, ತಿಳೀತಾ? ಪಾಪ ಹತ್ತಬಾರದು, ಅಷ್ಟೇ."

ಮನೋರಮಾಳಿಗೆ ಮೈಯೆಲ್ಲ ಉರಿಯಿತು. ಬೈಸಿಕೊಂಡದ್ದಕ್ಕಲ್ಲ. ಆ ಹಲಗೆಯ ಮೇಲೆ ಹಾಲಿನ ಪಕ್ಕದಲ್ಲಿ ಆ ಡಬ್ಬಿ ಇದ್ದದ್ದಕ್ಕೆ. ಮಡಿಯಲ್ಲಿ ತನ್ನನ್ನು ಮೀರಿಸಿದವಳು ಮಾಡಿದ್ದನ್ನು ತಾನು ಮಾಡಲಿಲ್ಲವಲ್ಲ ಅನ್ನುವುದಕ್ಕೆ. ಹಾಗಂತ ಒಪ್ಪಿಕೊಳ್ಳುವುದೆಲ್ಲಿ! "ಆಯ್ತು. ನಾನೂ ಮಾಡ್ತೇನೆ. ಅದೆಂತ ದೊಡ್ಡ ವಿದ್ಯೆಯಾ? ಎಲ್ಲಿದ್ದಾಳೆ ಚಂಪಾ?"

"ಗುಂಡವ್ವ ಕಪಾಟಿನ ಹಿಂದ ಅದ."

"ಯಾರು ಗುಂಡವ್ವ?"

"ಅದಾ. ಬೆಕ್ಕಿಗಿ ಚಂಪಾ ಅಂತ ಯಾರು ಹೆಸರಿಡ್ತಾರ? ನಾ ಗುಂಡವ್ವ ಅಂತೀನಿ. ದಿನಾ ಈ ಹೊತ್ತಿಗಿ ಅಡಗಿಮನಿ ಹೊಸ್ತಿಲಕ ಬಂದು ಕೂತಿರ್ತದ. ಇವತ್ತು ನಿಮ್ಮ ಧ್ವನಿ ಕೇಳಿದ ಕೂಡ್ಲೆ ಓಡಿ ಒಳಗ ಸೇರ್ಯದ."

"ನನ್ನ ದನಿ ಕೇಳಿ ಓಡುದಾ? ಹದಿನೈದು ವರ್ಷ ಸಾಕಿದ್ದು ನಾನು!"

ಮನೋರಮಾ ಮಲಗುವ ಕೋಣೆಗೆ ನುಗ್ಗಿ ಕಪಾಟಿನ ಮುಂದೆ ಮೊಣಕಾಲೂರಿದಳು. ಗೋಡೆ ಮತ್ತು ಕಪಾಟಿನ ನಡುವಿನ ಸಂದಿಯಲ್ಲಿ ಎರಡು ಕಣ್ಣು ಹೊಳೆದವು. ಮೈ ತುಂಬಿಕೊಂಡಿತ್ತು, ರೋಮಕ್ಕೆ ಹೊಳಪು ಬಂದಿತ್ತು. "ಚಂಪಾ! ನನ್ನ ಬಂಗಾರ! ಬಾ ಮಗಾ, ಅಮ್ಮ ಬಂದಿದ್ದೇನೆ" ಎಂದು ಕೈ ಚಾಚಿದಳು. ಬೆಕ್ಕು ಕಿವಿಗಳನ್ನು ತಲೆಗೆ ಅಂಟಿಸಿಕೊಂಡು, ಗೋಡೆಗೆ ಒತ್ತಿ ಒತ್ತಿ ಇನ್ನೂ ಒಳಕ್ಕೆ ಸರಿಯಿತು. ಅವಳು ಕೈಯನ್ನು ಇನ್ನಷ್ಟು ಚಾಚಿದಾಗ ಬುಸ್ಸೆಂದಿತು. ಹದಿನೈದು ವರ್ಷದಲ್ಲಿ ಒಂದು ಸಲವೂ ಅವಳಿಗೆ ಹಾಗೆ ಮಾಡಿರಲಿಲ್ಲ.

"ಪ್ಯಾಕೆಟ್ಟು ಕೊಡಿ ಇಲ್ಲಿ," ಎಂದಳು ಮನೋರಮಾ.

ಪ್ರೇಮಾಬಾಯಿ ಒಂದು ತಟ್ಟೆಯನ್ನೂ ಪ್ಯಾಕೆಟ್ಟನ್ನೂ ಬಿಸಿನೀರಿನ ಬಟ್ಟಲನ್ನೂ ತಂದು ನೆಲದ ಮೇಲಿಟ್ಟಳು. ಪ್ಯಾಕೆಟ್ಟನ್ನು ಬಿಸಿನೀರಿನಲ್ಲಿ ಅದ್ದಿಡಬೇಕು, ಉಗುರುಬೆಚ್ಚಗಾದ ಮೇಲೆ ಬೆರಳಿನಿಂದ ಹಿಸುಕಬೇಕು ಎಂದು ಎರಡು ಮಾತಿನಲ್ಲಿ ಹೇಳಿ ಗೋಡೆಗೆ ಒರಗಿ ನಿಂತಳು. ಅವಳ ತುಟಿಯ ತುದಿಯಲ್ಲಿ ನಗು ಇತ್ತೋ ಇಲ್ಲವೋ, ಮನೋರಮಾಳಿಗಂತೂ ಕಂಡಿತು. ಮೂಗಿನಲ್ಲಿ ಉಸಿರು ಬಿಗಿಹಿಡಿದು ಆ ಬೆಚ್ಚಗಿನ ಕೆಂಪು ಮುದ್ದೆಯೊಳಗೆ ಬೆರಳಿಟ್ಟಳು. ಓಕರಿಕೆ ಬಂತು. ಬಿಡಲಿಲ್ಲ. ಹಿಸುಕಿದಳು, ತಟ್ಟೆಗೆ ಬಳಿದಳು, ಸಂದಿಯ ಬಾಯಿಗೆ ತಳ್ಳಿದಳು. ಕರೆದಳು, ಬೇಡಿಕೊಂಡಳು, ಕೊನೆಗೆ "ತಿನ್ನೇ ಹಾಳಾದವಳೇ!" ಎಂದು ಬೈದಳು. ಅರ್ಧ ತಾಸು ಕಳೆಯಿತು. ತಟ್ಟೆಯಲ್ಲಿದ್ದದ್ದು ತಣ್ಣಗಾಯಿತು, ಬೆಕ್ಕು ಮೂತಿಯನ್ನೂ ಹೊರಗೆ ಚಾಚಲಿಲ್ಲ.

"ನಿನ್ನಿ ರಾತ್ರಿನೂ ಎರಡೇ ತುತ್ತು ತಿಂದದ," ಎಂದಳು ಪ್ರೇಮಾಬಾಯಿ. "ಇವತ್ತು ಮುಂಜಾನಿಂದ ಹೊಟ್ಟಿ ಖಾಲಿ. ಈಗ ಸುಮ್ಮ ಹೊರಗ ಹೋಗ್ರಿ. ಅಡಗಿಮನಿಯಾಗ ಕೂಡ್ರಿ. ಒಂದು ಮಾತು ಆಡಬ್ಯಾಡ್ರಿ."

"ನನಗೆ ಬಾಯಿ ಮುಚ್ಚು ಅಂತ ಹೇಳ್ಲಿಕ್ಕೆ ನೀವು ಯಾರು?"

"ಬೆಕ್ಕು ಉಣ್ಬೇಕೋ, ನಿಮ್ಮ ಬಾಯಿ ನಡೀಬೇಕೋ? ಎರಡರಾಗ ಒಂದು ಹೇಳ್ರಿ."

ಮನೋರಮಾ ಎದ್ದು ಹೋದಳು. ಅಡುಗೆಮನೆಯ ಅರೆತೆರೆದ ಬಾಗಿಲಿನಿಂದ ಕೋಣೆ ಪೂರಾ ಕಾಣುತ್ತಿತ್ತು. ಪ್ರೇಮಾಬಾಯಿ ಮೊದಲು ಹಾಲು ರೊಟ್ಟಿ ತಿಂದು ಬೆಳೆದ ತನ್ನ ಮನೆಯ ಎರಡು ಬೆಕ್ಕುಗಳನ್ನು ಕುತ್ತಿಗೆ ಹಿಡಿದು ಬಚ್ಚಲಿಗೆ ಹಾಕಿ ಚಿಲಕ ಜಡಿದಳು, ಅವು ಆ ತಟ್ಟೆಗೆ ಬಾಯಿ ಹಾಕದ ಹಾಗೆ. ತಣ್ಣಗಾದದ್ದನ್ನು ತೆಗೆದು, ತಟ್ಟೆ ತೊಳೆದು, ಹೊಸದಾಗಿ ಬೆಚ್ಚಗೆ ಮಾಡಿ ಎರಡು ಬೆರಳಿನಷ್ಟು ಹಾಕಿದಳು. ತಟ್ಟೆಯನ್ನು ಸಂದಿಗೆ ತಳ್ಳಲಿಲ್ಲ. ಕೋಣೆಯ ನಡುವೆ ಒಂದು ಮಣೆಯ ಮೇಲಿಟ್ಟು, ತಾನು ಅದಕ್ಕೆ ಬೆನ್ನು ತಿರುಗಿಸಿ ಕೂತು, ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಆರಿಸತೊಡಗಿದಳು. ಬೆಕ್ಕಿನ ಕಡೆ ನೋಡಲೇ ಇಲ್ಲ. ಕರೆಯಲಿಲ್ಲ, ಮುದ್ದು ಮಾಡಲಿಲ್ಲ. ಕೆಮ್ಮು ಬಂದಾಗ ಸೆರಗು ಅಡ್ಡ ಹಿಡಿದು ಸದ್ದಾಗದಂತೆ ಕೆಮ್ಮಿದಳು.

ಬಹಳ ಹೊತ್ತಾದ ಮೇಲೆ ಕಪಾಟಿನ ಸಂದಿಯಿಂದ ಚಂಪಾ ಬಂದಳು. ಪ್ರೇಮಾಬಾಯಿಯ ಬೆನ್ನಿಗೆ ಒಂದು ಸಲ ತಲೆ ತಿಕ್ಕಿದಳು. ಅವಳು "ಹ್ಞೂಂ" ಎಂದಳು, ಕೈ ಬೇಳೆಯಿಂದ ಎತ್ತಲಿಲ್ಲ. ಚಂಪಾ ತಟ್ಟೆಯ ಮುಂದೆ ಕೂತು, ಮೂಸಿ, ತಿನ್ನತೊಡಗಿದಳು.

ಮನೋರಮಾಳ ಬಾಯಿಂದ "ಅಯ್ಯೋ ನನ್ನ ಕಂದಾ" ಅನ್ನುವುದು ತಾನಾಗಿ ಬಂದುಬಿಟ್ಟಿತು. ಅಷ್ಟೇ. ಚಂಪಾ ತಟ್ಟೆ ಉರುಳಿಸಿಕೊಂಡು ಕಪಾಟಿನ ಹಿಂದೆ ಹಾರಿದಳು.

ಪ್ರೇಮಾಬಾಯಿ ಮೊರ ಪಕ್ಕಕ್ಕಿಟ್ಟು ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಕೂಗಲಿಲ್ಲ, ಹಲ್ಲು ಕಚ್ಚಿಕೊಂಡು ಪಿಸುದನಿಯಲ್ಲೇ ಕೇಳಿದಳು. "ಏನ್ ಮಾಡೀರಿ ಅದಕ್ಕ ನೀವು? ಬಂದ ಹೊಸದಾಗಿ ಮಗಳ ಫೋನಿನಾಗ ನಿಮ್ಮ ಧ್ವನಿ ಕೇಳಿದ್ರೂ ಹಿಂಗೇ ಓಡ್ತಿತ್ತು. ಟವೆಲ್ ಕಂಡ್ರ ನಡುಗ್ತಿತ್ತು. ಇಪ್ಪತ್ತು ದಿನ ಹಿಡೀತು ನನಗ, ಅದು ನನ್ನ ಹಿಂದ ಕೂತು ಉಣ್ಣಲಾಕ. ಇಪ್ಪತ್ತು ದಿನ!"

ಮನೋರಮಾಳಿಗೆ ಸಿರಿಂಜು ನೆನಪಾಯಿತು, ಮೊಣಕಾಲ ನಡುವೆ ಒದ್ದಾಡುತ್ತಿದ್ದ ಆ ಸಣ್ಣ ಮೈ ನೆನಪಾಯಿತು. ಇವಳ ಮುಂದೆ, ಇವಳೊಬ್ಬಳ ಮುಂದೆ ಅಳಬಾರದೆಂದು ತುಟಿ ಕಚ್ಚಿದಳು.

"ಒಯ್ರಿ ಅಂದೆನಲ್ಲ, ಈಗ್ಲೂ ಅಂತೀನಿ," ಎಂದಳು ಪ್ರೇಮಾಬಾಯಿ. "ನನಗ ಸಾಕಾಗ್ಯದ. ಕಪಾಟು ಸರಿಸಿ ಹಿಡಿದು ಬುಟ್ಟಿಯಾಗ ಹಾಕಿ ಕೊಡ್ತೀನಿ. ಸಂಜೀ ಬಸ್ಸಿಗಿ ಹೋಗ್ರಿ. ನಾಳೆ ಅದಕ್ಕ ಉಣಿಸೋದು ನಿಮ್ಮ ಕೆಲಸ."

ನಾಳೆ. ನಾಸಿಕದ ಮನೆ, ನಾಲ್ಕು ಪುಂಡರು, ಮೂಗು ಮುಚ್ಚುವ ಗಂಡ, ಮತ್ತು ತನ್ನ ಈ ದನಿ. ಚಂಪಾ ಮಂಚದಡಿಯಲ್ಲಿ ಹೊಕ್ಕು ಕೂರುತ್ತಾಳೆ. ಒಂದು ದಿನ ತಿನ್ನುವುದಿಲ್ಲ. ಎರಡು ದಿನ ತಿನ್ನುವುದಿಲ್ಲ. ಮಡಿಲಲ್ಲೇನೋ ಸಾಯುತ್ತಾಳೆ, ಬೇಕೆಂದದ್ದು ಸಿಗುತ್ತದೆ, ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡರೆ.

"ಇಲ್ಲೇ ಇರ್ಲಿ," ಎಂದಳು ಮನೋರಮಾ.

"ಏನಂದ್ರಿ?"

"ಇಲ್ಲೇ ಇಟ್ಕೊಳ್ಳಿ ಅಂದೆ! ಕಿವಿ ಕೇಳುದಿಲ್ವಾ ನಿಮಗೆ?"

"ನಾ ಯಾಕ ಇಟ್ಕೋಬೇಕು? ನನ್ನ ಕೆಮ್ಮಿಗಿ ಔಷಧ ನೀವು ಕುಡೀತೀರೇನು?"

ಮನೋರಮಾ ಸುತ್ತ ನೋಡಿದಳು. ಒಲೆ, ಫ್ರಿಜ್ಜು, ಗೋಡೆ. ಯಾರೂ ಇರಲಿಲ್ಲ, ಅದೊಂದು ಪುಣ್ಯ. ಬೆರಳಿಗೆ ಇನ್ನೂ ಕೋಳಿಯ ವಾಸನೆ ಅಂಟಿಕೊಂಡಿದ್ದ ಎರಡೂ ಕೈಗಳನ್ನು ಜೋಡಿಸಿದಳು. "ನಿಮ್ಮ ಕಾಲಿಗೆ ಬೀಳ್ತೇನೆ ಪ್ರೇಮಾಬಾಯಿಯವರೇ. ಅದು ಇರುವಷ್ಟು ದಿನ ಉಣಿಸಿ. ನೀವು ಹೇಳಿದ ಹಾಗೆ ಕೇಳ್ತೇನೆ."

ಪ್ರೇಮಾಬಾಯಿ ಆ ಕೈಗಳನ್ನು ಕೆಳಗಿಳಿಸಲಿಲ್ಲ. ಬೀಗತಿ ಕೈ ಮುಗಿದಾಗ ಛೇ ಛೇ ಅನ್ನುವುದು ಎಲ್ಲ ಊರಿನ ಪದ್ಧತಿ, ಅವಳು ಅದನ್ನೂ ಅನ್ನಲಿಲ್ಲ. ನಿಧಾನವಾಗಿ ಹೇಳಿದಳು. "ಹಂಗಾದ್ರ ನೀವು ಇಲ್ಲಿಗಿ ಬರಬ್ಯಾಡ್ರಿ. ಅದು ಇರೋ ತನ ಈ ಮನಿ ಮೆಟ್ಟಲ ಹತ್ತಬ್ಯಾಡ್ರಿ. ಫೋನ್ ಮಾಡಿದ್ರ ಮಗಳು ಬ್ಯಾಂಕಿನಾಗ ಇದ್ದಾಗ ಮಾಡ್ರಿ, ಮನಿಯಾಗ ನಿಮ್ಮ ಧ್ವನಿ ಕೇಳಬಾರದು. ನಿಮ್ಮ ಮ್ಯಾಲಿನ ಸಿಟ್ಟಿಗಿ ಹೇಳ್ಲತ್ತಿಲ್ಲ. ಸಿಟ್ಟೂ ಅದ, ಅದು ಬ್ಯಾರೆ. ಸತ್ತ ದಿನ ನಾನೇ ಹೇಳಿ ಕಳಸ್ತೀನಿ."

ಮನೋರಮಾ ತಲೆಯಾಡಿಸಿದಳು. ಪ್ರೇಮಾಬಾಯಿ ಮತ್ತೆ ಕೋಣೆಗೆ ಹೋದಳು. ಚೆಲ್ಲಿದ್ದನ್ನು ಒರೆಸಿದ್ದು, ತಟ್ಟೆ ಮಣೆಯ ಮೇಲೆ ಕೂತದ್ದು, ಮೊರದಲ್ಲಿ ಬೇಳೆ ಸರಿದದ್ದು, ಒಂದೊಂದೇ ಸಣ್ಣ ಸದ್ದು ಕೇಳಿಸಿತು. ಮನೋರಮಾ ಅಡುಗೆಮನೆಯಲ್ಲಿ ಅಲುಗಾಡದೆ ನಿಂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಚಪ್ ಚಪ್ ಎಂದು ನೆಕ್ಕುವ ಸದ್ದು ಶುರುವಾಯಿತು.

ಹೊರಬಾಗಿಲಿಗೆ ಹೋಗಬೇಕಾದರೆ ಆ ಕೋಣೆಯ ಮುಂದೆಯೇ ಹಾದುಹೋಗಬೇಕು. ಮನೋರಮಾ ಖಾಲಿ ಬುಟ್ಟಿಯನ್ನು ಅಲ್ಲೇ ಬಿಟ್ಟು, ಬಳೆಗಳನ್ನು ಮೊಣಕೈ ತನಕ ಏರಿಸಿ ಬಿಗಿ ಮಾಡಿಕೊಂಡಳು. ಉಸಿರು ಹಿಡಿದು, ಆ ಕಡೆ ತಿರುಗಿಯೂ ನೋಡದೆ ದಾಟಿದಳು. ಚಿಲಕವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸಿದಳು. ಹೊರಗೆ ಬಿಟ್ಟಿದ್ದ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಮೂರು ಮಹಡಿ ಬರಿಗಾಲಲ್ಲಿ ಇಳಿದಳು. ಎರಡನೆಯ ಮಹಡಿಯಲ್ಲಿ ಎದುರಾದ ಹುಡುಗಿಯೊಬ್ಬಳು ಮರಾಠಿಯಲ್ಲಿ "ಏನಾಯಿತು ಆಜಿ?" ಎಂದು ಕೇಳಿದಳು. ಮನೋರಮಾ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು, ಏನಿಲ್ಲವೆಂದು ಕೈಯಾಡಿಸಿ, ಕೆಳಗಿಳಿದು ಹೋದಳು.